ತೂತಿನ ಕಾಸು

ಯಾವುದಕ್ಕಮ್ಮ ಕೋವಿ? ಅಂದರು ಖಲಂದರ್ ಸಾಬರು.
ಗುರಿಗೋ, ಹಂದಿಗೋ, ಮನುಷ್ಯರಿಗೋ?
ಗದ್ದೆಗೆ ಹಂದಿ ಬರುತ್ತೆ, ಅಂದೆ.
ಮೂರನೆಯದರ ಮಾತು ಎತ್ತಲಿಲ್ಲ.

ಶಿವಮೊಗ್ಗದ ಆ ಇಕ್ಕಟ್ಟು ಅಂಗಡಿ, ಎಣ್ಣೆಯ ವಾಸನೆ.
ಹಳೇ ಕಂಬಳಿ ಹಾಸಿ ಮೂರನ್ನು ಮಲಗಿಸಿದರು.

ಪಾಯಿಂಟ್ ಟೂಟೂ: ಹಗುರ, ಸೊಗಸು,
ಬೋಲ್ಟು ಬಲಗಡೆ. ನನ್ನ ಕೈ ಮೇಲಿಂದ ದಾಟಿ
ತಡಕಾಡಿತು, ನೆಂಟರ ಮನೆಯಲ್ಲಿ
ನಡುರಾತ್ರಿ ಸ್ವಿಚ್ಚು ಹುಡುಕಿದ ಹಾಗೆ.
ಹಂದಿಗೆ ಇದು ಇರುವೆ ಕಚ್ಚಿದಂತೆ ಬಿಡಿ,
ಅವರೇ ಪಕ್ಕಕ್ಕಿಟ್ಟರು.

ಜೋಡುನಳಿಗೆಗೆ ಗತ್ತೇನೋ ಇತ್ತು,
ಹಿಡಿ ಮಾತ್ರ ಬಲಗೆನ್ನೆಗೆ ಬಾಗಿಸಿ ಕೆತ್ತಿದ್ದು.
ಎಡಚಿ, ಎಡಚಿ ಎಂದು
ಬಳಪದ ಕೈಗೆ ರಿಬ್ಬನ್ನು ಬಿಗಿದಿದ್ದರು ಸರೋಜಕ್ಕೋರು.

ಸಾಬರು ಗಲ್ಲಾದಿಂದ ತೂತಿನ ಕಾಸೊಂದು ತೆಗೆದು:
ಕೈ ಬಿಡಿ. ಇದರೊಳಗೆ ನನ್ನ ಮೂಗು ನೋಡಿ,
ಎರಡೂ ಕಣ್ಣು ತೆರೆದು. ಹಾಗೇ ಹತ್ತಿರ ತನ್ನಿ.
ಕಾಸು ತಾನಾಗಿ ಬಂದು
ಎಡಗಣ್ಣಿನ ಮೇಲೆ ಕೂತಿತು.
ನಲವತ್ತು ವರ್ಷ ಕೈಯನ್ನು ಬೈದವರೇ ಎಲ್ಲ,
ಕಣ್ಣನ್ನು ಕೇಳಿದವರು ಇವರೊಬ್ಬರು.

ಉಳಿದದ್ದು ಒಂಟಿನಳಿಗೆ. ನಡು ಮುರಿದು ತೆರೆಯುತ್ತೆ,
ಎಡಬಲ ವಿಚಾರಿಸುವುದಿಲ್ಲ.
ಭುಜಕ್ಕೆ ಕೊಟ್ಟೆ. ಗೋಡೆಯ ಹಲ್ಲಿ ಮಿಸುಕಲಿಲ್ಲ.
ಒಂದೇ ತೋಟಾ, ಅಂದರು. ಎರಡನೆಯದರ ಧೈರ್ಯ ಇರಲ್ಲ,
ಮೊದಲನೆಯದಕ್ಕೇ ಯೋಚನೆ ಮಾಡ್ತೀರಿ.

ರಾತ್ರಿ ಕದ ತಟ್ಟುವವನಿಗೆ?
ಈಗ ಕೇಳಿದೆ.
ಅವನಿಗೆ ನಾಯಿ, ಟಾರ್ಚು, ಗಟ್ಟಿ ಚಿಲಕ.
ಅದು ನನ್ನಲ್ಲಿ ಸಿಗಲ್ಲ,
ಪಕ್ಕದ ಅಂಗಡಿ.

ಫಾರಮ್ಮಿನ ಕೆಳಗೊಂದು ಚೌಕ:
ಎಡಗೈ ಹೆಬ್ಬೆರಳು ಇಲ್ಲಿ.
ಒತ್ತಿದೆ.
ಶಾಯಿ ಒರೆಸಿಕೊಳ್ಳಲು ಸಾಬರು
ನಳಿಗೆ ಒರೆಸುವ ಚಿಂದಿಯನ್ನೇ ಕೊಟ್ಟರು.