ಬಾಗಲೂರು ರಸ್ತೆಯ ತೂಕದ ಮನೆ

ಮೊದಲು ಕಲ್ಲು ಬರುತ್ತಿತ್ತು, ಡೆಂಕಣಿಕೋಟೆ ಕಡೆಯಿಂದ.
ಮೂವತ್ತು ಟನ್ನು ಹತ್ತಿ ನಿಂತರೆ
ತಟ್ಟೆ ನರಳಿ
ನನ್ನ ಟೀ ಲೋಟದಲ್ಲಿ ಅಲೆ.

ಈಗ ಕಂಟೇನರು. ಬಂದದ್ದೇ ಗೊತ್ತಾಗುವುದಿಲ್ಲ.
ಒಳಗೆ ಫೋನಿನ ಬೆನ್ನುಗಳು,
ಸ್ಪಂಜಿನ ಗುಳಿಯಲ್ಲಿ ಒಂದಕ್ಕೊಂದು ತಾಗದ ಹಾಗೆ
ಬಾಣಂತಿ ಕೋಣೆಯ ಕೂಸುಗಳಂತೆ ಮಲಗಿಸಿದ್ದು.
ಕಣ್ಣು ಶ್ರೀಪೆರಂಬುದೂರಿನಿಂದ ಬರುತ್ತದಂತೆ,
ಬ್ಯಾಟರಿ ಯಾವುದೋ ಹಡಗಿನಲ್ಲಿ.
ಎಲ್ಲ ಕೂಡಿ ಉಸಿರಾಡುವುದು ಗಡಿಯಾಚೆ, ನರಸಾಪುರದಲ್ಲಿ.

ಏಳುಮಲೈ ತಮಿಳಿನಲ್ಲಿ ಕೇಳುತ್ತಾನೆ, ‘ಎವ್ವಳವು?’
ನಾನು ಕನ್ನಡದಲ್ಲಿ ಹೇಳುತ್ತೇನೆ.
ಚೀಟಿ ಇಂಗ್ಲಿಷಿನಲ್ಲಿ ಹೊರಬೀಳುತ್ತದೆ.
ವಾಪಸು ಬರುವಾಗ ಖಾಲಿ ಟ್ರೇ. ಅದಕ್ಕೂ ಚೀಟಿ.

ಹೋದ ತಿಂಗಳು ಎರಡು ದಿನ ಒಂದು ಗಾಡಿಯೂ ಇಲ್ಲ.
ಪರದೆಯ ಮೇಲೆ ಸೊನ್ನೆ, ತಟ್ಟೆಯ ಮೇಲೆ ನಾಯಿ.
ಎದುರಿನ ಮುನಿರತ್ನಳ ಬೋಂಡಾ ಹಿಟ್ಟು ಹುಳಿಯಾಯಿತು,
ಹಾಸ್ಟೆಲಿನ ಹುಡುಗಿಯರು ಹಗಲೇ ಬಟ್ಟೆ ಒಗೆದರು.
ಎಲ್ಲೋ ಒಂದು ಸ್ಕ್ರೂ ಬಂದಿರಲಿಲ್ಲವಂತೆ,
ಅಕ್ಕಿಕಾಳಿಗಿಂತ ಚಿಕ್ಕದು.

ಎಷ್ಟು ತೂಗೀತು ಅದು?
ನನ್ನ ಯಂತ್ರ ಹತ್ತು ಕೆಜಿಯ ಕೆಳಗೆ ಏನನ್ನೂ ಕಾಣದು.
ಆ ರಾತ್ರಿ ಬೇಸರಕ್ಕೆ ನಾನೇ ಹತ್ತಿ ನಿಂತೆ, ಮುನಿರತ್ನ ಓದಿದಳು:
ಐವತ್ತು ಅಂದಿತು.
ಸ್ವಲ್ಪ ಉಸಿರು ಬಿಗಿಹಿಡಿದೆ,
ಅರವತ್ತು.