ಹದಿನಾಲ್ಕನೆಯ ಪಟ್ಟಿ

ಮೂವತ್ತೊಂದು ವರ್ಷ ನಾನು ಕಲಿತದ್ದು ಒಂದೇ:
ಮೇಲಿನ ಉರುಳೆ, ಕೆಳಗಿನ ಉರುಳೆ
ಒಂದೇ ಹೆಜ್ಜೆ ಹಾಕಬೇಕು.
ಕೂದಲೆಳೆಯಷ್ಟು ತಪ್ಪಿದರೂ
ತಗಡು ಹಾವಿನಂತೆ ಹೆಡೆಯೆತ್ತಿ ಬರುತ್ತದೆ,
ಎದುರಿಗಿದ್ದವನ ಕೈ ಸುಡುತ್ತದೆ.

ಈಗ ಈ ಹುಡುಗಿ ಹಾಂಕಾ,
ಬೌಟ್ಸೆನ್ ಕಡೆಯವಳು, ನನ್ನ ಮಗಳಿಗಿಂತ ಚಿಕ್ಕವಳು,
“ಓರ್ಟ್‌ವಿನ್, ಕೆಳಗಿನದನ್ನು ನಿಧಾನ ಮಾಡಿ” ಅನ್ನುತ್ತಾಳೆ.
ಬೇಕೆಂದೇ.

ಮೆಗ್ನೀಸಿಯಂ ಹಗುರ,
ಆದರೆ ಹಗುರಾಗಿ ಒಲಿಯುವ ಪೈಕಿಯಲ್ಲ.
ತಣ್ಣಗಿದ್ದಾಗ ಒತ್ತಿದರೆ ಬಿಸ್ಕತ್ತಿನಂತೆ ಅಂಚು ಬಿಡುತ್ತದೆ.
ಮುನ್ನೂರು ಡಿಗ್ರಿ ಕಾಯಿಸಿ ತಂದರೆ
ಕುಲುಮೆಯಿಂದ ಉರುಳೆಗೆ ನಾಲ್ಕೇ ಹೆಜ್ಜೆ,
ಆ ನಾಲ್ಕು ಹೆಜ್ಜೆಯಲ್ಲೇ ಆರಿ ಮುನಿಯುತ್ತದೆ.

ಅವಳು ಕಾಗದದ ಮೇಲೆ ಷಟ್ಕೋನ ಗೀಚಿದಳು.
ನೋಡಿ, ಒಳಗಿನ ಕಣಗಳೆಲ್ಲ
ರಜಾ ಶಿಬಿರದ ಮಕ್ಕಳ ಹಾಗೆ
ಒಂದೇ ಕಡೆ ತಲೆ ಹಾಕಿ ಮಲಗಿವೆ.
ಮೇಲಿಂದ ತುಳಿದರೆ ಜಾರಲು ದಾರಿಯಿಲ್ಲ, ಒಡೆಯುತ್ತವೆ.
ಒಂದು ಉರುಳೆ ಎಳೆಯಲಿ, ಇನ್ನೊಂದು ತಡೆಯಲಿ,
ನಡುವೆ ಸಿಕ್ಕವು ಮಗ್ಗುಲು ಬದಲಿಸುತ್ತವೆ,
ಸಣ್ಣಗಾಗುತ್ತವೆ. ಸಣ್ಣಗಾದಷ್ಟೂ ಗಟ್ಟಿ.

ಅಪ್ಪ ಕೇಳಿದ್ದರೆ ನಗುತ್ತಿದ್ದ.
ಫ್ರೈಬರ್ಗಿನ ಸೀಸದ ಗಣಿಯಲ್ಲಿ ಬೆನ್ನು ಸವೆಸಿದವನು,
ತೂಕವಿಲ್ಲದ್ದು ಲೋಹವೇ ಅಲ್ಲ ಅನ್ನುತ್ತಿದ್ದ.
ಆ ತೂಕ ಕೊನೆಯವರೆಗೆ
ಅವನ ಎದೆಗೂಡಿನಲ್ಲೇ ಇತ್ತು.

ಮೊದಲ ಪಟ್ಟಿ ಉರುಳೆಗೇ ಸುತ್ತಿಕೊಂಡಿತು.
ಐದನೆಯದು ನಟ್ಟನಡುವೆ ಸೀಳಿತು.
ಒಂಬತ್ತನೆಯದರ ಅಂಚು ಗರಗಸ.
ಸೀಮೆಸುಣ್ಣದಲ್ಲಿ ನಂಬರು ಬರೆದು ಎಲ್ಲವನ್ನೂ ಕಪಾಟಿಗಿಟ್ಟೆ.
ಹನ್ನೆರಡಕ್ಕೆ ನಾನು ಬೈದದ್ದು
ಲೋಹವನ್ನೋ ಹುಡುಗಿಯನ್ನೋ ಗೊತ್ತಿಲ್ಲ.
ಹದಿಮೂರನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ.

ಆಮೇಲೆ ಉರುಳೆಗಳನ್ನೇ ಕಾಯಿಸಿದೆವು.
ಇದು ನನ್ನ ಮಾತು.
ಹಾಗೆಂದೇ ಬರೆದುಕೊಂಡಿದ್ದಾಳೆ.

ಹದಿನಾಲ್ಕನೆಯದು ಬಂದಾಗ ಸದ್ದಿಲ್ಲ.
ನನ್ನ ಎಡಗಿವಿ ಹೋಗಿ ಎಂಟು ವರ್ಷ,
ಬಲಗಿವಿ ಬಗ್ಗಿಸಿ ಕಾದೆ,
ಆ ಚಿಟಿಚಿಟಿ ಇಲ್ಲ.
ತಣಿದ ಮೇಲೆ ಅವಳು ಮೊಣಕಾಲಿಗೆ ಒತ್ತಿದಳು.
ಬಗ್ಗಿತು.
ಇನ್ನಷ್ಟು ಒತ್ತಿದಳು, ಇನ್ನಷ್ಟು ಬಗ್ಗಿತು.
ನನ್ನ ಕೈಗಿಟ್ಟಳು: ಇದ್ದೂ ಇಲ್ಲದ ಭಾರ,
ಮಧ್ಯಾಹ್ನದ ಬ್ರೆಡ್ಡು ತಿಂದಾದ ಮೇಲಿನ
ಡಬ್ಬಿಯಷ್ಟು.

ನಾಳೆ ಇದರಿಂದೊಂದು ಚೂರು ಕೊಯ್ದು
ಯಂತ್ರದ ಎರಡು ದವಡೆಗೆ ಕಚ್ಚಿಸಿ
ತುಂಡಾಗುವ ತನಕ ಎಳೆಯುತ್ತಾರೆ,
ಎಷ್ಟಕ್ಕೆ ತುಂಡಾಯಿತೆಂದು ಬರೆಯಲು.
ಗಟ್ಟಿತನ ತಿಳಿಯಲು ಬೇರೆ ದಾರಿ ಇಲ್ಲವಂತೆ.

ಮುರಿದದ್ದು ನನಗಿರಲಿ, ಅಂದೆ.
ಯಾವ ತುಂಡು, ಅಂದಳು.
ಯಾವುದಾದರೂ.
ನಂಬರು ಇರುವುದು.