ಬುಡೇನ್ ಮೇಷ್ಟ್ರ ಲೆಕ್ಕ

ಚೈನು ಎಳೆದು ಕಲ್ಲು ನೆಡಬೇಕಾದ ಜಾಗದಲ್ಲಿ
ನಾಲ್ಕು ಮೊಟ್ಟೆ.
ಮೊದಲು ಕಂಡದ್ದು ನನಗಲ್ಲ, ನನ್ನ ಕಾಲಿಗೆ.
ಎತ್ತಿದ ಹೆಜ್ಜೆ ಇಳಿಯದೆ ನಿಂತಿತು
ಮೂವತ್ತು ವರ್ಷ ಹಿಂದಿನ ಒಂದು ಕೂಗಿಗೆ:
"ಮಾಳವ್ವಾ, ನೆಲ ನೋಡಿ ನಡಿ,
ಯಾರದೋ ಮನೆ ಅಂಗಳ ಇದು."

ಕಡೂರಿನ ಹೈಸ್ಕೂಲಿನಲ್ಲಿ ಅವರು ನಮಗೆ ಗಣಿತಕ್ಕೆ.
ಶನಿವಾರ ಬೆಳಗಿನ ಸ್ಕೂಲು ಬಿಟ್ಟೊಡನೆ
ಸೈಕಲ್ ತಳ್ಳಿಕೊಂಡು ಮುಂದೆ ಮೇಷ್ಟ್ರು,
ಹಿಂದೆ ನಾನು, ಓಂಕಾರಿ, ಮೂಗು ಸೋರುವ ಜಬೀನಾ.
ರೈಲು ಹಳಿ ದಾಟಿ ಒಂದು ಗಳಿಗೆ ನಡೆದರೆ ಕಾವಲು.
ಊರವರ ಬಾಯಲ್ಲಿ ಅದು ಬರೀ ಬಯಲು:
"ಏನಿದೆ ಅಲ್ಲಿ? ಹುಲ್ಲು, ಮುಳ್ಳು, ಮೇಲೆ ಆಕಾಶ."
"ಅಷ್ಟು ಸಾಲದೇನ್ರೀ?" ಎನ್ನುವರು ಮೇಷ್ಟ್ರು,
ನಿಜಕ್ಕೂ ತಿಳಿಯಬೇಕೆಂಬಂತೆ.

ಅವರ ಹಾಜರಿ ಪುಸ್ತಕದ ಹಿಂಬದಿಗೆ ಇನ್ನೊಂದು ಹಾಜರಿ.
ನೆಲಗುಬ್ಬಿ, ಹಾಜರ್.
ಗೌಜಲ ಹಕ್ಕಿ, ಕೂಗು ಮಾತ್ರ.
ಕೃಷ್ಣಮೃಗ ಹನ್ನೊಂದು, ಅದು ನನ್ನ ಎಣಿಕೆ;
ಓಂಕಾರಿ ಹನ್ನೆರಡೆಂದ. ಎರಡನ್ನೂ ಬರೆದುಕೊಂಡರು.
ನರಿ, ರಜಾ ಚೀಟಿ ಇಲ್ಲದೆ ಗೈರು.
ಇನ್‌ಸ್ಪೆಕ್ಟರ ಕೈಗೆ ಆ ಪುಟ ಸಿಕ್ಕ ದಿನ ದೊಡ್ಡ ರಾದ್ಧಾಂತ.
"ಯಾರ್ರೀ ಇವರೆಲ್ಲ?"
"ಬಾಕಿ ಮಕ್ಕಳು ಸಾರ್."
ಒಂದು ಇಂಕ್ರಿಮೆಂಟು ಹೋಯಿತಂತೆ. ಅವರು ಹೇಳಲಿಲ್ಲ.

ಪಡುವಣದ ಗಿರಿಸಾಲಿನ ನೀಲಿ ಗೆರೆ ತೋರಿಸಿ ಒಮ್ಮೆ:
"ಮೋಡಗಳು ಇದ್ದಬದ್ದ ನೀರೆಲ್ಲ ಕಾಫಿ ತೋಟದೋರಿಗೆ ಕೊಟ್ಟು
ಕೈ ಬೀಸ್ಕೊಂಡು ಬರ್ತಾವೆ ನಮ್ಮ ಕಡೆಗೆ.
ಬೈಬೇಡಿ. ಬರಿಗೈಲಿ ಬಂದ ನೆಂಟರೂ ನೆಂಟರೇ.
ನೆರಳಾದರೂ ತಂದಿರ್ತಾವೆ."
ಹುಲ್ಲಿನ ಮೇಲೆ ಓಡುವ ಆ ನೆರಳಿನ ಹಿಂದೆ ನಾವು ಓಡಬೇಕು,
ದೂರ ಎಷ್ಟು, ಹೊತ್ತು ಎಷ್ಟು, ವೇಗ ಎಷ್ಟು.
ಲೆಕ್ಕ ನನಗೆ ಹತ್ತಿದ್ದು ಹಾಗೆ, ಏದುಸಿರಿನಲ್ಲಿ.

ಒಂದು ಏಪ್ರಿಲ್. ತಂಗಡಿ ಗಿಡದ ಹರಕು ನೆರಳಲ್ಲಿ
ನಮ್ಮನ್ನು ಬೋರಲು ಮಲಗಿಸಿ ತೋರಿಸಿದರು:
ಬಯಲಲ್ಲಿ ಬತ್ತಲೆ ಬಿದ್ದ ನಾಲ್ಕು,
ಕಲ್ಲಿನ ನಡುವೆ ಕಲ್ಲಿನದೇ ಬಣ್ಣ.
ತೇನೆಹಕ್ಕಿ ಎದ್ದು ಹಾರಿತು.
ಬಿಟ್ಟೇ ಹೋಯಿತೆಂದು ಜಬೀನಾ ಅತ್ತಳು.
"ಕಾಯಿ," ಎಂದರು. ಕಾದೆವು.
ಮೊಣಕೈಗೆ ಮುಳ್ಳು ಚುಚ್ಚಿದ್ದು ಇನ್ನೂ ನೆನಪಿದೆ.
ಹೊಂಡದ ಕಡೆಯಿಂದ ಬಂತು, ಕೊನೆಯ ಮಾರು ನಡೆದು,
ನಿಂತು, ಅತ್ತಿತ್ತ ನೋಡಿ, ಮತ್ತೆ ನಡೆದು,
ತೊಟ್ಟಿಕ್ಕುವ ಒದ್ದೆ ಹೊಟ್ಟೆಯನ್ನು
ಸುಡುವ ಮೊಟ್ಟೆಗಳ ಮೇಲೆ ಮೆಲ್ಲಗೆ ಇಳಿಸಿತು.
ಮೇಷ್ಟ್ರು ಏನೂ ಹೇಳಲಿಲ್ಲ.
ಎಲ್ಲಕ್ಕೂ ಒಂದು ಸೂತ್ರ ಹೇಳುತ್ತಿದ್ದವರು
ಹೇಳದೆ ಬಿಟ್ಟದ್ದು ಅದೊಂದೇ ಇರಬೇಕು.

ಕಳೆದ ವರ್ಷ ಬೀರೂರಿನ ತಮ್ಮನ ಮನೆಯಲ್ಲಿ ಕಂಡೆ.
ಮಾತು ಹೋಗಿತ್ತು, ಬಲಗೈ ಹೋಗಿತ್ತು.
"ಮಾಳಿ ಸಾರ್. ಸರ್ವೇಯರ್ ಆಗಿದೀನಿ."
ಎಡಗೈ ಎತ್ತಿ ಒಂದೊಂದೇ ಬೆರಳು ಬಿಡಿಸಿದರು:
ಒಂದು. ಎರಡು. ಮೂರು. ನಾಲ್ಕು.
"ನಾಲ್ಕು ಗಂಟೆ ಮಾತ್ರೆ ಕೇಳ್ತಾರೆ," ಎಂದು
ತಮ್ಮನ ಸೊಸೆ ನೀರು ತಂದಳು.
ನಾನು ತಿದ್ದಲಿಲ್ಲ. ಮಾತ್ರೆಯದೇ ಇದ್ದರೂ ಇರಬಹುದು.
ದೀಪಾವಳಿಯ ಮರುವಾರ ಸುದ್ದಿ ಬಂತು.
ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದು
ಹೊಸ ಮಣ್ಣು. ಹುಲ್ಲಿನ್ನೂ ಬಂದಿರಲಿಲ್ಲ.

"ಎಲ್ಲಿ ಇಳಿಸೋಣ ಮೇಡಂ?"
ಕಲ್ಲು ಹೊತ್ತ ಇಬ್ಬರೂ ಬೆವರುತ್ತಿದ್ದಾರೆ.
ನಕ್ಷೆ ಹೇಳುತ್ತದೆ, ಇಲ್ಲೇ.
ನಕ್ಷೆ ತಪ್ಪಿಲ್ಲ, ಬರೆದವಳು ನಾನೇ.
"ಅಲ್ಲೇ, ನಿಮ್ಮ ಕಾಲ ಹತ್ರ. ಬಿಸಿಲು ತಗ್ಗಲಿ.
ಬೀಡಿ ಬೇಡ, ಹುಲ್ಲು ಒಣಗಿದೆ,
ಎಲೆ ಅಡಿಕೆ ಹಾಕ್ಕೊಳ್ಳಿ."
ದೂರ ಹೋಗಿ ತಂಗಡಿ ಗಿಡ ಹುಡುಕಿ ಕೂತೆ.
ಫೀಲ್ಡ್ ಬುಕ್ಕಿನ ಹಿಂಬದಿ ತಿರುಗಿಸಿ
"ತೇನೆಹಕ್ಕಿ" ಎಂದು ಬರೆದು
ಮುಂದೆ ಜಾಗ ಬಿಟ್ಟು
ಹೊಂಡದ ದಾರಿ ನೋಡುತ್ತಿದ್ದೇನೆ.